ಆಸ್ಪತ್ರೆಯೊಳಗಿನ ಒತ್ತಡ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಮೀಸಲು. ಬರೆದವರ ಕೋರಿಕೆಯಂತೆ ಅವರ ಹೆಸರು, ಆಸ್ಪತ್ರೆಯ ಹೆಸರು ಎರಡನ್ನೂ ಬಿಟ್ಟಿದ್ದೇವೆ. ಆಸ್ಪತ್ರೆ ಆಡಳಿತ, ನರ್ಸಿಂಗ್ ಮತ್ತು ಔದ್ಯೋಗಿಕ ಆರೋಗ್ಯ ಬಲ್ಲ ನಮ್ಮ ತಂಡ ಉತ್ತರಿಸಿದೆ.

ಖಾಸಗಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಕೆಲಸಕ್ಕೆ ಹೆದರುವವಳಲ್ಲ. ಆದರೆ ಇನ್‌ಚಾರ್ಜ್ ಸಿಸ್ಟರ್ ರೋಗಿಗಳ ಎದುರೇ ಬೈಯುತ್ತಾರೆ. ಮಧ್ಯಾಹ್ನ 2ಕ್ಕೆ ಡ್ಯೂಟಿ ಮುಗಿದರೂ ಮುಂದಿನ ಶಿಫ್ಟಿನವರಿಗೆ ರೋಗಿಗಳ ಹ್ಯಾಂಡೋವರ್ ಅಂತ 3 ಗಂಟೆ ಆಗುತ್ತದೆ. ವೀಕ್ಲಿ ಆಫ್ ಮುಗಿಯುವ ಸಂಜೆ ಬಂದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಮನೆಯಲ್ಲಿ "ನಿನಗೇ ತಾಳ್ಮೆ ಸಾಲದು" ಅನ್ನುತ್ತಾರೆ. ತಪ್ಪು ನನ್ನದಾ?
– ಸ್ಟಾಫ್ ನರ್ಸ್, ದಾವಣಗೆರೆ

ಅಲ್ಲ. ನೀವು ಬರೆದ ಎರಡು ಸಂಗತಿಗಳೂ ವಾರ್ಡು ನಡೆಯುವ ರೀತಿಗೆ ಸೇರಿದವು.

ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ 1979ರಲ್ಲಿ ಕೆಲಸದ ಒತ್ತಡದ ಬಗ್ಗೆ ಒಂದು ಮಾದರಿ ಮುಂದಿಟ್ಟರು. ಕೆಲಸದ ಹೊರೆ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ. ಹೊರೆ ಹೆಚ್ಚಿದ್ದು, ಆ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ಅವನ ಮಾತು ನಡೆಯದಿದ್ದಾಗ ಕುಸಿಯುತ್ತಾನೆ ಎಂಬುದು ಅದರ ತಿರುಳು. ಜೊತೆಗೆ ಕೆಲಸ ಮಾಡುವವರ ಬೆಂಬಲ ಎಂಬ ಮೂರನೇ ಅಂಶ ಆಮೇಲೆ ಸೇರಿತು. ಆಸ್ಪತ್ರೆಯಲ್ಲಿ ಹೊರೆ ಕಡಿಮೆ ಮಾಡುವುದು ಸುಲಭವಲ್ಲ. ಕಾಯಿಲೆ ಹೇಳಿ ಕೇಳಿ ಬರುವುದಿಲ್ಲ. ಉಳಿದ ಎರಡು ಮಾತ್ರ ವಾರ್ಡಿನವರ ಕೈಯಲ್ಲೇ ಇವೆ. ಅಷ್ಟೇ ರೋಗಿಗಳಿರುವ ಎರಡು ವಾರ್ಡುಗಳಲ್ಲಿ ಒಂದರಲ್ಲಿ ಹುಡುಗಿಯರು ವರ್ಷಗಟ್ಟಲೆ ನಿಲ್ಲುವುದೂ ಇನ್ನೊಂದರಲ್ಲಿ ಮೂರು ತಿಂಗಳಿಗೆ ರಾಜೀನಾಮೆ ಕೊಡುವುದೂ ಇದರಿಂದಲೇ.

ಮೊದಲು ಹ್ಯಾಂಡೋವರ್. ಅದು ಒಂದು ಗಂಟೆ ಎಳೆಯುವುದಕ್ಕೆ ಸಾಮಾನ್ಯವಾಗಿ ಕಾರಣ ಮೂರು: ಆ ಹೊತ್ತಿಗೇ ಸ್ಟಾಕ್ ಎಣಿಸುತ್ತಾರೆ, ಬಾಕಿ ಉಳಿದ ಚಾರ್ಟ್ ಬರೆಯುತ್ತಾರೆ, ಎಲ್ಲರೂ ಎಲ್ಲ ರೋಗಿಗಳ ವಿಷಯವನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತು ಕೇಳುತ್ತಾರೆ. ಸ್ಟಾಕ್ ಎಣಿಕೆಯನ್ನು 1 ಗಂಟೆಗೆ ತನ್ನಿ. ಯಾರ ರೋಗಿಗಳು ಯಾರ ಕೈಗೆ ಹೋಗುತ್ತಾರೋ ಅವರಿಬ್ಬರು ಮಾತ್ರ ಬೆಡ್ ಪಕ್ಕ ಹೋಗಲಿ. ಹೇಳುವ ಕ್ರಮ ನಾಲ್ಕೇ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಮುಂದೆ ಆಗಬೇಕಾದ್ದು. ಎಸ್‌ಬಾರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಪದ್ಧತಿ. ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ:

"12ನೇ ಬೆಡ್ಡಿಗೆ ಬೆಳಿಗ್ಗೆಯಿಂದ ಜ್ವರ, ಈಗ 101. ಪಲ್ಸ್ 104, ಬಿಪಿ 110/70. ಅಪೆಂಡಿಕ್ಸ್ ಆಪರೇಷನ್ ಆಗಿ ಇವತ್ತಿಗೆ ಮೂರನೇ ದಿನ. ಡ್ರೆಸ್ಸಿಂಗ್ ಒದ್ದೆ ಇದೆ, ಗಾಯಕ್ಕೆ ಸೋಂಕು ತಗುಲಿರಬಹುದು ಅನ್ನಿಸುತ್ತದೆ. ಡಾಕ್ಟರಿಗೆ 1.15ಕ್ಕೆ ಹೇಳಿದ್ದೇನೆ, ಸಿಬಿಸಿ ಪರೀಕ್ಷೆಗೆ ರಕ್ತ ಹೋಗಿದೆ. 3ಕ್ಕೆ ರಿಪೋರ್ಟ್ ಬರಬೇಕು, ಬಂದ ಕೂಡಲೇ ಅವರಿಗೆ ಫೋನ್ ಮಾಡಿ."

ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಆರೆಂಟು ರೋಗಿಗಳಾದರೂ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆ ಕಾಲು ಗಂಟೆಯನ್ನೂ ಡ್ಯೂಟಿ ಅವಧಿಯೆಂದೇ ಲೆಕ್ಕಕ್ಕೆ ಹಿಡಿಯಬೇಕು. ದಿನಕ್ಕೊಂದು ಗಂಟೆ ಬಿಟ್ಟಿಯಾಗಿ ಹೋದರೆ ತಿಂಗಳಿಗೆ 26 ಗಂಟೆ. ಆರು ಗಂಟೆಯ ಶಿಫ್ಟಿನ ಲೆಕ್ಕದಲ್ಲಿ ನಾಲ್ಕು ದಿನಕ್ಕೂ ಹೆಚ್ಚಿನ ದುಡಿಮೆ.

ಬೈಗುಳದ ವಿಷಯ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಾಂಕ, ಶಿಫ್ಟ್, ಎಷ್ಟು ರೋಗಿಗಳಿದ್ದರು, ಯಾರ ಎದುರು ಏನೆಂದರು, ಎಷ್ಟು ಹೊತ್ತಿಗೆ ಹೊರಟಿರಿ. ನಿಮ್ಮ ಅಭಿಪ್ರಾಯ ಬರೆಯಬೇಡಿ, ನಡೆದದ್ದನ್ನಷ್ಟೇ ಬರೆಯಿರಿ. ಆಮೇಲೆ ಜನವಿಲ್ಲದ ಹೊತ್ತು ನೋಡಿ ಅವರ ಹತ್ತಿರವೇ ಮಾತಾಡಿ: "ಸಿಸ್ಟರ್, ಮೊನ್ನೆ ಐವಿ ಲೇಟಾಗಿದ್ದು ನಿಜ, ನೀವು ಹೇಳಿದ್ದು ಸರಿ. ಪೇಷೆಂಟ್ ಮನೆಯವರ ಮುಂದೆ ಹೇಳಿದ್ದರಿಂದ ಅವರು ಇಡೀ ದಿನ ನನ್ನ ಕೈಯಿಂದ ಇಂಜೆಕ್ಷನ್ ಬೇಡ ಅಂದರು. ಇನ್ನು ಮುಂದೆ ಒಳಗೆ ಕರೆದು ಹೇಳಿ." ತಪ್ಪನ್ನು ಒಪ್ಪಿ, ಹೇಳಿದ ಜಾಗವನ್ನಷ್ಟೇ ಪ್ರಶ್ನಿಸಿದರೆ ಬಹಳಷ್ಟು ಇನ್‌ಚಾರ್ಜ್‌ಗಳು ಕೇಳುತ್ತಾರೆ. ಅವರ ಮೇಲೂ ಮೇಟ್ರನ್, ಡಾಕ್ಟರ್, ಮ್ಯಾನೇಜ್‌ಮೆಂಟ್ ಮೂರು ಕಡೆಯಿಂದ ಒತ್ತಡ ಇರುತ್ತದೆ. ಆದರೂ ನಿಲ್ಲದಿದ್ದರೆ ಆ ನೋಟ್‌ಬುಕ್ಕಿನ ಪುಟಗಳ ಜೊತೆ ಮೇಟ್ರನ್ ಅವರಿಗೆ ಬರವಣಿಗೆಯಲ್ಲಿ ಕೊಡಿ, ನಕಲು ಇಟ್ಟುಕೊಳ್ಳಿ.

ಇನ್ನು ಹೊಟ್ಟೆ ಕಿವುಚುವುದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ ಬರ್ನ್‌ಔಟ್ ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿದೆ. ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ. ಲಕ್ಷಣ ಮೂರು: ಬರಿದಾದಂಥ ಸುಸ್ತು, ಕೆಲಸದಿಂದ ಮನಸ್ಸು ದೂರ ಸರಿದು ಬೇಸರ ಕಟ್ಟುವುದು, ಕೈಲಿ ಕೆಲಸ ಸರಿಯಾಗಿ ಆಗುತ್ತಿಲ್ಲ ಎನ್ನಿಸುವುದು. ರೋಗಿಯನ್ನು ಬೆಡ್ ನಂಬರಾಗಿಯಷ್ಟೇ ನೋಡತೊಡಗಿದ್ದೀರಿ ಅನ್ನಿಸಿದರೆ ಎರಡನೆಯದು ಶುರುವಾಗಿದೆ. ನಿದ್ದೆ, ಊಟ ಎರಡು ವಾರ ಕೆಟ್ಟರೆ ಅಥವಾ ಬದುಕೇ ಬೇಡ ಎನಿಸಿದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಸಹೋದ್ಯೋಗಿಯೊಬ್ಬರು ಇನ್ಸುಲಿನ್ ಡೋಸ್ ತಪ್ಪಿಸಿದರು. ರೋಗಿಗೆ ಏನೂ ಆಗಲಿಲ್ಲ, ಆದರೆ ಅವರಿಗೆ ಶೋಕಾಸ್ ನೋಟಿಸ್ ಬಂತು. ಈಗ ಯಾರೂ ಯಾವ ತಪ್ಪನ್ನೂ ಹೇಳುವುದಿಲ್ಲ. ಎಲ್ಲರ ಎದೆಯಲ್ಲೂ ಡವಡವ. ಇದು ಸರಿಯಾ?
– ಶುಶ್ರೂಷಾಧಿಕಾರಿ, ಹಾಸನ

ಸರಿಯಲ್ಲ, ಅಪಾಯವೂ ಹೌದು. 1990ರ ದಶಕದಲ್ಲಿ ಅಮೆರಿಕದ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧಿ ತಪ್ಪುಗಳನ್ನು ಅಭ್ಯಾಸ ಮಾಡಿದರು. ಒಳ್ಳೆಯ ಮುಂದಾಳು ಇದ್ದ, ಹೊಂದಾಣಿಕೆ ಇದ್ದ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಹೆದರದೆ ಹೇಳುತ್ತಿದ್ದರು. ಹೆದರುವ ವಾರ್ಡಿನ ರಿಜಿಸ್ಟರ್ ಖಾಲಿ ಇರುತ್ತದೆ, ತಪ್ಪು ಮಾತ್ರ ಮತ್ತೆ ಮತ್ತೆ ಆಗುತ್ತಿರುತ್ತದೆ.

ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ವಯಲ್‌ಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ ಕಾರ್ಟ್ರಿಡ್ಜ್‌ನಲ್ಲಿರುವುದು 100 ಯೂನಿಟ್‌ನದು, ಆ ಶಕ್ತಿಯ ಸಿರಿಂಜಿಗೆ ಕಿತ್ತಳೆ ಮುಚ್ಚಳ. ರಾತ್ರಿ ಪೆನ್ನಿನ ಸೂಜಿ ಮುಗಿದಿದೆ ಅಂತ ಯಾರೋ ಕಾರ್ಟ್ರಿಡ್ಜ್‌ನಿಂದಲೇ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆವರೆಗೆ ಎಳೆದರು ಎಂದುಕೊಳ್ಳಿ. ಆ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಒಳಗೆ ಹೋದದ್ದು 20 ಅಲ್ಲ, 50 ಯೂನಿಟ್. ಹಿಂದುಮುಂದಾದರೆ, ಅಂದರೆ 40ರ ವಯಲ್‌ನಿಂದ ಕಿತ್ತಳೆ ಮುಚ್ಚಳದ ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ, ಹೋಗುವುದು 8 ಯೂನಿಟ್ ಮಾತ್ರ. ಶೋಕಾಸ್ ನೋಟಿಸ್ ಕೊಟ್ಟರೆ ಆ ನರ್ಸ್ ಒಬ್ಬರು ಹುಷಾರಾಗುತ್ತಾರೆ. ಡ್ರಾಯರಿನಲ್ಲಿ ಎರಡು ಬಣ್ಣದ ಸಿರಿಂಜ್ ಬೆರೆತೇ ಇರುತ್ತವೆ, ಪೆನ್ ಸೂಜಿ ರಾತ್ರಿ ಮುಗಿಯುತ್ತಲೇ ಇರುತ್ತದೆ. ಮುಂದಿನ ವಾರ ಇನ್ನೊಬ್ಬರ ಸರದಿ.

ತಪ್ಪಾದಾಗಿನ ಕ್ರಮ: ಮೊದಲು ರೋಗಿ. ಹೆಚ್ಚು ಡೋಸ್ ಹೋಗಿದ್ದರೆ ಕೂಡಲೇ ಜಿಆರ್‌ಬಿಎಸ್ (ರಕ್ತದ ಸಕ್ಕರೆ) ನೋಡಿ, ಡ್ಯೂಟಿ ಡಾಕ್ಟರಿಗೆ ಹೇಳಿ, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಕೈಗೆಟುಕುವಂತಿಡಿ, ಡಾಕ್ಟರ್ ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಸಕ್ಕರೆ ಪರೀಕ್ಷಿಸಿ. ಆಮೇಲೆ, ಅದೇ ಶಿಫ್ಟಿನಲ್ಲಿ ಇನ್ಸಿಡೆಂಟ್ ಫಾರಂ ಬರೆಯಿರಿ. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಆ ವ್ಯವಸ್ಥೆ ಇರಲೇಬೇಕು. ಫಾರಂನಲ್ಲಿ "ಯಾರು" ಅನ್ನುವ ಕಾಲಂ ಕೊನೆಯಲ್ಲಿರಲಿ ಅಥವಾ ಬೇಡವೇ ಬೇಡ. "ಆಗ ವಾರ್ಡಿನಲ್ಲಿ ಎಷ್ಟು ರೋಗಿಗಳು, ಎಷ್ಟು ನರ್ಸ್, ಎಷ್ಟನೇ ಗಂಟೆಯ ಡ್ಯೂಟಿ, ಸಾಮಾನು ಎಲ್ಲಿತ್ತು" ಎಂಬುದು ಮುಂದಿರಲಿ. ಕುಡಿದು ಬಂದವರು, ಬೇಕೆಂದೇ ನಿಯಮ ಮೀರಿದವರು, ಮುಚ್ಚಿಟ್ಟವರ ಮೇಲೆ ಕ್ರಮ ಬೇಕು. ತಾವಾಗಿ ಬಂದು ಹೇಳಿದವರಿಗೆ ನೋಟಿಸ್ ಕೊಡುವುದಿಲ್ಲ ಎಂದು ಮೆಡಿಕಲ್ ಸೂಪರಿಂಟೆಂಡೆಂಟ್ ಸಹಿ ಹಾಕಿದ ಆದೇಶ ಗೋಡೆಗೆ ಬರಲಿ. ಬಾಯಿಮಾತಿನ ಭರವಸೆಯನ್ನು ಯಾರೂ ನಂಬುವುದಿಲ್ಲ.

ಆ ನಿಮ್ಮ ಸಹೋದ್ಯೋಗಿಯ ಜೊತೆ ಮಾತಾಡಿ, ದಯವಿಟ್ಟು. ತಪ್ಪಾದ ಮೇಲೆ ಕುಗ್ಗುವ ವೈದ್ಯಕೀಯ ಸಿಬ್ಬಂದಿಯನ್ನು ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲಿ ಎರಡನೇ ಬಲಿಪಶು ಎಂದು ಕರೆದರು. ಅಂಥವರನ್ನು ಮರುದಿನವೇ ಒಂಟಿಯಾಗಿ ನೈಟ್ ಡ್ಯೂಟಿಗೆ ಹಾಕುವುದು ಕ್ರೂರ.

ಎಲ್ಲರಿಗೂ ಒಪ್ಪಿಗೆಯಾಗುವ ರೋಸ್ಟರ್ (ಡ್ಯೂಟಿ ಪಟ್ಟಿ) ಹಾಕಲು ಸಾಧ್ಯವೇ ಆಗುತ್ತಿಲ್ಲ. 24 ಬೆಡ್ಡಿನ ವಾರ್ಡಿಗೆ 12 ನರ್ಸ್ ಕೊಟ್ಟಿದ್ದಾರೆ. ಲೆಕ್ಕಕ್ಕೆ ಸರಿ ಇದೆ, ಆದರೂ ಪ್ರತಿ ವಾರ ಡಬಲ್ ಡ್ಯೂಟಿ. ನನ್ನ ಮೇಲೇ ಎಲ್ಲರ ಸಿಟ್ಟು.
– ಮೇಟ್ರನ್, ಹುಬ್ಬಳ್ಳಿ

ಲೆಕ್ಕ ಸರಿ ಇಲ್ಲ ಮೇಡಂ. ಆರು ರೋಗಿಗೆ ಒಬ್ಬರಂತೆ ಪ್ರತಿ ಶಿಫ್ಟಿಗೆ 4 ಜನ, ಮೂರು ಶಿಫ್ಟಿಗೆ 12. ಇಲ್ಲಿಯವರೆಗೆ ಮ್ಯಾನೇಜ್‌ಮೆಂಟ್ ಹೇಳಿದ್ದು ಹೌದು. ಆದರೆ ವಾರ್ಡು 365 ದಿನ ನಡೆಯುತ್ತದೆ, ಮನುಷ್ಯರು ನಡೆಯುವುದಿಲ್ಲ. 365ರಲ್ಲಿ 52 ವೀಕ್ಲಿ ಆಫ್, 10 ಹಬ್ಬದ ರಜೆ, ಸಿಎಲ್, ಇಎಲ್, ಸಿಕ್ ಲೀವ್ ಸೇರಿ 30 ಎಂದಿಟ್ಟುಕೊಂಡು ಕಳೆದರೆ ಒಬ್ಬರು ಬರುವುದು 273 ದಿನ. ವಾರ್ಡಿಗೆ ಬೇಕಾದದ್ದು 12 ಗುಣಿಸು 365, ಅಂದರೆ 4,380 ಶಿಫ್ಟ್. 4,380ನ್ನು 273ರಿಂದ ಭಾಗಿಸಿ: 16. ನಿಮ್ಮ ಕೊರತೆ 4 ಜನ. ನೈಟ್ 12 ಗಂಟೆಯದಾಗಿದ್ದು, ಅದರ ನಂತರದ ಆಫ್ ಕೂಡ ಕೊಡಬೇಕಿದ್ದರೆ ಇನ್ನೂ ಹೆಚ್ಚು. ಕೇಂದ್ರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಜನರಲ್ ವಾರ್ಡಿಗೆ 1:6 ಎಂದು ಹೇಳಿ ಅದರ ಮೇಲೆ 45 ಶೇಕಡಾ ಹುದ್ದೆ ಸೇರಿಸಲು ಸೂಚಿಸಿದ್ದು ಇದಕ್ಕೇ. ಆ ಪ್ರಕಾರ ನೋಡಿದರೆ 17 ದಾಟುತ್ತದೆ.

ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು, ಕಳೆದ ಮೂರು ತಿಂಗಳ ಡಬಲ್ ಡ್ಯೂಟಿ ಮತ್ತು ರದ್ದಾದ ವೀಕ್ಲಿ ಆಫ್‌ಗಳ ಸಂಖ್ಯೆ ಜೊತೆಗಿಟ್ಟು ಕೊಡಿ. ಬರಿ "ಜನ ಸಾಲುತ್ತಿಲ್ಲ" ಎಂದರೆ ಯಾರೂ ಕದಲುವುದಿಲ್ಲ. ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಅಭ್ಯಾಸ ಮಾಡಿದಾಗ, ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆ 30 ದಿನದೊಳಗೆ ರೋಗಿ ಸಾಯುವ ಸಂಭವ 7 ಶೇಕಡಾ, ನರ್ಸ್ ಬರ್ನ್‌ಔಟ್ ಆಗುವ ಸಂಭವ 23 ಶೇಕಡಾ ಏರಿತ್ತು. ಮ್ಯಾನೇಜ್‌ಮೆಂಟಿನವರಿಗೆ ಈ ಎರಡು ಅಂಕಿಯನ್ನು ಒಟ್ಟಿಗೇ ತೋರಿಸಿ.

ಜನ ಬರುವವರೆಗೆ ನಿಮ್ಮ ಕೈಲಾಗುವುದು ಇಷ್ಟು. ಸರದಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೇ ಸಾಗಲಿ. ದೇಹಕ್ಕೆ ನಿದ್ದೆಯನ್ನು ಹಿಂದಕ್ಕೆ ಎಳೆಯುವುದಕ್ಕಿಂತ ಮುಂದಕ್ಕೆ ತಳ್ಳುವುದು ಸುಲಭ. ಬೆಳಿಗ್ಗೆ 8ಕ್ಕೆ ನೈಟ್ ಮುಗಿಸಿದವರನ್ನು ಅದೇ ಮಧ್ಯಾಹ್ನ 2ಕ್ಕೆ ಕರೆಯಬೇಡಿ. ಎರಡು ಶಿಫ್ಟ್ ನಡುವೆ 11 ಗಂಟೆ ಯುರೋಪಿನ ಕಾನೂನು. ನಮ್ಮಲ್ಲಿ ಕಾನೂನಿಗೆ ಕಾಯದೆ ಪಾಲಿಸಬಹುದು. 12 ಗಂಟೆಯ ನೈಟ್ ಆದರೆ ಮೂರಕ್ಕಿಂತ ಹೆಚ್ಚು ಸತತವಾಗಿ ಬೇಡ. ವಾರದಲ್ಲಿ ಆರು ನೈಟ್ ಎಂದರೆ 72 ಗಂಟೆ. ಮುಗಿದ ಮೇಲೆ ಎರಡು ರಾತ್ರಿಯಾದರೂ ಮನೆಯಲ್ಲಿ ಮಲಗಲಿ. ನೈಟ್‌ನಲ್ಲಿ ಒಬ್ಬೊಬ್ಬರಿಗೆ 20ರಿಂದ 30 ನಿಮಿಷದ ನಿದ್ದೆ ಸರದಿಯಲ್ಲಿ ಸಿಗಲಿ, ಕದ್ದು ಮಲಗುವಂತಾಗಬಾರದು.

ಸಿಟ್ಟಿನ ಅರ್ಧ ಕಾರಣ ರೋಸ್ಟರ್ ತಡವಾಗಿ ಬರುವುದು. ತಿಂಗಳು ಶುರುವಾಗುವ 10 ದಿನ ಮೊದಲೇ ಗೋಡೆಗೆ ಹಾಕಿ. ಅದಕ್ಕೂ ಮೊದಲು ಒಬ್ಬೊಬ್ಬರೂ ತಿಂಗಳಿಗೆ ಎರಡು ದಿನ ತಮಗೆ ಬೇಕೇ ಬೇಕು ಎಂದು ಬರೆದಿಡಲಿ: ಮಗುವಿನ ಶಾಲೆ, ಊರ ಜಾತ್ರೆ, ತವರಿನ ಮದುವೆ ಏನಾದರೂ ಸರಿ. ದೀಪಾವಳಿ, ಯುಗಾದಿ, ರಂಜಾನ್, ಕ್ರಿಸ್ಮಸ್ ದಿನಗಳಲ್ಲಿ ಯಾರು ಡ್ಯೂಟಿ ಮಾಡಿದರು ಎಂಬ ಪಟ್ಟಿ ವರ್ಷವಿಡೀ ಎಲ್ಲರಿಗೂ ಕಾಣುವಂತಿರಲಿ. ಮೇಟ್ರನ್‌ಗೆ ಬೇಕಾದವರಿಗೆ ನೈಟ್ ಇಲ್ಲ ಎಂಬ ಗುಸುಗುಸು ಕೆಲಸಕ್ಕಿಂತ ಹೆಚ್ಚು ಸುಸ್ತು ಮಾಡುತ್ತದೆ. ಆ ಪಟ್ಟಿ ಗೋಡೆಯ ಮೇಲಿದ್ದರೆ ಗುಸುಗುಸು ನಿಲ್ಲುತ್ತದೆ.

ಎಲ್ಲ ವಾರ್ಡಿನಿಂದಲೂ ಪ್ರತಿ ಸ್ಯಾಂಪಲ್ "ಅರ್ಜೆಂಟ್" ಅಂತಲೇ ಬರುತ್ತದೆ. ಹೀಮೊಲೈಸ್ ಆಗಿದೆ (ರಕ್ತಕಣ ಒಡೆದಿದೆ) ಅಂತ ವಾಪಸ್ ಕಳಿಸಿದರೆ ಜಗಳ.
– ಲ್ಯಾಬ್ ಟೆಕ್ನಿಷಿಯನ್, ಮೈಸೂರು

ಎಲ್ಲವೂ ಅರ್ಜೆಂಟ್ ಆದರೆ ಯಾವುದೂ ಅರ್ಜೆಂಟ್ ಅಲ್ಲ. ಪೆಥಾಲಜಿಸ್ಟ್ ಮತ್ತು ಎಲ್ಲ ವಿಭಾಗದ ಮುಖ್ಯಸ್ಥರು ಕೂತು ಅರ್ಜೆಂಟ್ ಪಟ್ಟಿಗೆ ಸಹಿ ಹಾಕಲಿ: ಟ್ರೋಪೋನಿನ್, ಎಬಿಜಿ, ಪೊಟ್ಯಾಸಿಯಂ, ಕ್ರಾಸ್ ಮ್ಯಾಚ್, ಹೀಗೆ ಎಂಟು ಹತ್ತು ಪರೀಕ್ಷೆ. ಅದಕ್ಕೆ ಬೇರೆ ಬಣ್ಣದ ಚೀಟಿ, ಖಚಿತವಾದ ಸಮಯ. ಉಳಿದವು ಸಾಲಿನಲ್ಲಿ.

ಹೀಮೊಲೈಸ್ ಆದ ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಹೆಚ್ಚು ಬರುತ್ತದೆ, ನೀವು ತಿರಸ್ಕರಿಸಿದ್ದು ಸರಿ. ಆದರೆ "ರಿಜೆಕ್ಟೆಡ್" ಎಂದಷ್ಟೇ ಬರೆದರೆ ವಾರ್ಡಿನವರಿಗೆ ಕೆನ್ನೆಗೆ ಹೊಡೆದಂತೆ. ತಿಂಗಳಿಗೊಮ್ಮೆ ಯಾವ ವಾರ್ಡಿನಿಂದ ಎಷ್ಟು, ಏಕೆ ಎಂದು ಎಣಿಸಿ: ಸಣ್ಣ ಸೂಜಿಯಿಂದ ಜೋರಾಗಿ ಎಳೆದದ್ದು, ಸಿರಿಂಜಿನಿಂದ ಟ್ಯೂಬಿಗೆ ಒತ್ತಿ ತುಂಬಿದ್ದು, ಟೂರ್ನಿಕೆ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದದ್ದು, ಟ್ಯೂಬನ್ನು ಕುಲುಕಿದ್ದು. ಆ ವಾರ್ಡಿಗೆ ಹೋಗಿ ಹತ್ತು ನಿಮಿಷ ತೋರಿಸಿಕೊಡಿ. ಫೋನಿನಲ್ಲಿ ದಿನಾ ಜಗಳವಾಡುವವರು ಒಮ್ಮೆ ಮುಖ ನೋಡಿ ಮಾತಾಡಿದರೆ ದನಿ ತಗ್ಗುತ್ತದೆ.

ನನ್ನ ಅಮ್ಮ ಏಜೆನ್ಸಿ ಮೂಲಕ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾರೆ. ಕಸದ ಚೀಲ ಕಟ್ಟುವಾಗ ಸೂಜಿ ಚುಚ್ಚಿತು. ಸೂಪರ್‌ವೈಸರ್ "ಯಾರಿಗೂ ಹೇಳಬೇಡ, ಕೆಲಸ ಹೋಗುತ್ತದೆ" ಅಂದರಂತೆ. ಅಮ್ಮ ಈಗ ರಾತ್ರಿ ನಿದ್ದೆ ಮಾಡುವುದಿಲ್ಲ.
– ಪದವಿ ವಿದ್ಯಾರ್ಥಿನಿ, ಕಲಬುರಗಿ

ಚುಚ್ಚಿ 72 ಗಂಟೆ ಆಗಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಅಮ್ಮನನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿ ಅಥವಾ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಹೋಗಮ್ಮ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೇಕೆಂದು ಡಾಕ್ಟರ್ ಹೇಳಿದರೆ 28 ದಿನ ತೆಗೆದುಕೊಳ್ಳಬೇಕು. ಹೊತ್ತು ಮೀರಿದ್ದರೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿ. ಒಂದು ಚುಚ್ಚಿನಿಂದ ಎಚ್‌ಐವಿ ತಗಲುವ ಸಂಭವ ಸೋಂಕಿತ ರಕ್ತವಿದ್ದರೂ ಸುಮಾರು 0.3 ಶೇಕಡಾ, ಅಂದರೆ ಮುನ್ನೂರರಲ್ಲಿ ಒಂದು. ಅಮ್ಮನಿಗೆ ಇದನ್ನು ಕೂರಿಸಿ ಹೇಳು. ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸುಲಭವಾಗಿ ಅಂಟುತ್ತದೆ, ಆದರೆ ಲಸಿಕೆ ಇದೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಟ್ಟು ಮೂರು ಡೋಸ್.

ಮುಂದೆ ಯಾರಿಗೇ ಚುಚ್ಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಬಾಯಿಗಿಡಬಾರದು, ಬ್ಲೀಚ್ ಹಚ್ಚಬಾರದು.

ತಪ್ಪು ಅಮ್ಮನದಲ್ಲವೇ ಅಲ್ಲ. ಸೂಜಿ ಹೋಗಬೇಕಾದದ್ದು ಚುಚ್ಚದಂಥ ಬಿಳಿ ಡಬ್ಬಿಗೆ, ಚೀಲಕ್ಕಲ್ಲ. ಹಾಕಬೇಕಾದವರು ಇಂಜೆಕ್ಷನ್ ಕೊಟ್ಟವರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಆಸ್ಪತ್ರೆ ತರಬೇತಿ, ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕೊಡಬೇಕು. ಏಜೆನ್ಸಿಯವರು ಎಂದು ಜಾರಿಕೊಳ್ಳುವ ಹಾಗಿಲ್ಲ. ಆಸ್ಪತ್ರೆಯ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಯಾರೆಂದು ಕೇಳಿ ಅವರಿಗೇ ಹೇಳಿ; ಈ ವಿಷಯ ಸೂಪರ್‌ವೈಸರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇಎಸ್‌ಐ ಕಾರ್ಡ್ ಇದ್ದರೆ ಇದು ಕೆಲಸದಲ್ಲಾದ ಗಾಯವೆಂದು ದಾಖಲಾಗಲಿ. ಸಂಬಳವನ್ನೇ ಹಿಡಿದಿಟ್ಟರೆ, ಗುತ್ತಿಗೆದಾರ ಕೊಡದ ಕೂಲಿಯನ್ನು ಮೂಲ ಮಾಲೀಕ, ಅಂದರೆ ಆಸ್ಪತ್ರೆಯೇ ಕೊಡಬೇಕೆಂದು ಕಾನೂನು ಹೇಳುತ್ತದೆ. ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಬಹುದು.

ಆಸ್ಪತ್ರೆ ನಡೆಸುವವರಿಗೂ ಒಂದು ಮಾತು: ನಿಮ್ಮ ಆಸ್ಪತ್ರೆಯ ವಾತಾವರಣ ಹೇಗಿದೆ ಎಂದು ತಿಳಿಯಬೇಕಾದರೆ ಆಯಾಗಳು ಎಲ್ಲಿ ಕೂತು ಊಟ ಮಾಡುತ್ತಾರೆ ನೋಡಿ. ಮೆಟ್ಟಿಲ ಕೆಳಗಾದರೆ ಉಳಿದದ್ದನ್ನು ಕೇಳುವುದೇ ಬೇಡ.

36 ಗಂಟೆ ಡ್ಯೂಟಿ ಸಹಜ, ನಾವೂ ಹಾಗೇ ಬಂದವರು ಅಂತ ಸೀನಿಯರ್‌ಗಳು ಹೇಳುತ್ತಾರೆ. ನಿಯಮ ಏನು?
– ವೈದ್ಯಕೀಯ ಪಿಜಿ ವಿದ್ಯಾರ್ಥಿ, ಮಂಗಳೂರು

ಕೇಂದ್ರದ ರೆಸಿಡೆನ್ಸಿ ಯೋಜನೆಯ 1992ರ ಸೂಚನೆಯಲ್ಲಿ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಎಂದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮ ಗಂಟೆ ನಮೂದಿಸದೆ ಸಮಂಜಸವಾದ ಕೆಲಸದ ಅವಧಿ ಮತ್ತು ವಿಶ್ರಾಂತಿ ಎನ್ನುತ್ತದೆ. ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಿಎಲ್ ಅದರಲ್ಲಿದೆ. ಆಯೋಗದ್ದೇ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಅದನ್ನು ಮರೆಯಬೇಡಿ.

ನಿಯಮಕ್ಕಿಂತ ಬಲವಾದ ವಾದ ಇನ್ನೊಂದಿದೆ. 17 ಗಂಟೆ ಎಚ್ಚರವಿದ್ದವರ ಕೈಚುರುಕು, ಗಮನ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟು ಕುಗ್ಗುತ್ತದೆ ಎಂದು 1997ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ವಾಹನ ಓಡಿಸಲು ಮಿತಿ 0.03. ಬೈಕ್ ಓಡಿಸಲು ಬಿಡದ ಸ್ಥಿತಿಯಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕಿಸುತ್ತಿದ್ದೇವೆ. ವಿಭಾಗದ ಸಭೆಯಲ್ಲಿ ಇದನ್ನು ನಿಮ್ಮ ಕಷ್ಟವಾಗಿ ಹೇಳಬೇಡಿ, ರೋಗಿಯ ಸುರಕ್ಷತೆಯಾಗಿ ಹೇಳಿ. ಕೇಳಿಸಿಕೊಳ್ಳುವ ಕಿವಿ ಬೇರೆಯಾಗುತ್ತದೆ. 24 ಗಂಟೆ ಆದ ಮೇಲೆ ಹೊಸ ರೋಗಿ ಇಲ್ಲ, ಪ್ರೊಸೀಜರ್ ಇಲ್ಲ, ಹ್ಯಾಂಡೋವರ್ ಮಾಡಿ ಹೊರಡುವುದು ಎಂಬ ಒಂದನ್ನಾದರೂ ಮೊದಲು ಒಪ್ಪಿಸಿ. ಸೀನಿಯರ್‌ಗಳು ತಮ್ಮ ಕೆಲಸವನ್ನು ಶಿಕ್ಷೆಯಾಗಿ ನಿಮ್ಮ ಮೇಲೆ ಹೇರುತ್ತಿದ್ದರೆ ಅದು ರ‍್ಯಾಗಿಂಗ್, ಸಹಾಯವಾಣಿ 1800-180-5522.

ಬಿಲ್ ಕೇಳಿ ಜನ ಕೂಗಾಡುತ್ತಾರೆ, ಒಮ್ಮೆ ಗಾಜು ಒಡೆದರು. ಡಾಕ್ಟರ್, ಮ್ಯಾನೇಜರ್ ಯಾರೂ ಹೊರಗೆ ಬರುವುದಿಲ್ಲ.
– ಬಿಲ್ಲಿಂಗ್ ಕೌಂಟರ್, ಬೆಳಗಾವಿ

ಕೆಟ್ಟ ಸುದ್ದಿಯನ್ನೆಲ್ಲ ಅತಿ ಕಡಿಮೆ ಸಂಬಳದವರ ಬಾಯಿಂದ ಹೇಳಿಸುವುದು ಹಲವು ಆಸ್ಪತ್ರೆಗಳ ರೂಢಿ. ಅದನ್ನು ಬದಲಾಯಿಸಬೇಕು. ಐಸಿಯು ರೋಗಿಯ ಮನೆಯವರಿಗೆ ದಿನಾ ನಿಗದಿತ ಹೊತ್ತಿಗೆ ಡಾಕ್ಟರ್ ಸ್ಥಿತಿ ತಿಳಿಸಲಿ, ಅಲ್ಲೇ ಅವತ್ತಿನವರೆಗಿನ ಖರ್ಚಿನ ಚೀಟಿಯೂ ಸಿಗಲಿ. ಕೊನೆಯ ದಿನ ಒಮ್ಮೆಲೇ ಲಕ್ಷದ ಬಿಲ್ ನೋಡಿದವರೇ ಗಾಜು ಒಡೆಯುವುದು. ಸಾವಾದ ಮನೆಯವರೊಡನೆ ಬಾಕಿ ಹಣದ ಮಾತು ಕೌಂಟರಿನಲ್ಲಿ ಬೇಡ, ತೀರ್ಮಾನ ಮಾಡಬಲ್ಲ ಅಧಿಕಾರಿ ಕೋಣೆಯಲ್ಲಿ ಕೂರಿಸಿ ಆಡಲಿ.

ಹಲ್ಲೆಯಾದರೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಅಪರಾಧ ಜಾಮೀನುರಹಿತ. ದೂರನ್ನು ನಿಮ್ಮ ಹೆಸರಿನಲ್ಲಿ ಕೊಡಬೇಡಿ, ಆಸ್ಪತ್ರೆ ಕೊಡಲಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರಿ ಆಸ್ಪತ್ರೆಗಳಿಗೆ ಬಂದ ಸೂಚನೆಯಲ್ಲಿ ಸಂಸ್ಥೆಯ ಮುಖ್ಯಸ್ಥರೇ 6 ಗಂಟೆಯೊಳಗೆ ಎಫ್‌ಐಆರ್ ಮಾಡಿಸಬೇಕು ಎಂದಿತ್ತು. ನಿಮ್ಮ ಮ್ಯಾನೇಜ್‌ಮೆಂಟ್ ಅದನ್ನೇ ತನ್ನ ನಿಯಮ ಮಾಡಿಕೊಳ್ಳಲಿ.

ಯೋಗ ತರಗತಿ, ಹುಟ್ಟುಹಬ್ಬಕ್ಕೆ ಕೇಕ್, ನರ್ಸಸ್ ಡೇ ಎಲ್ಲ ಮಾಡಿದ್ದೇವೆ. ಆದರೂ ಸಿಬ್ಬಂದಿ ಬಿಟ್ಟು ಹೋಗುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?
– ಎಚ್‌ಆರ್ ಮ್ಯಾನೇಜರ್, 180 ಬೆಡ್ಡಿನ ಆಸ್ಪತ್ರೆ, ಶಿವಮೊಗ್ಗ

ಸಂಬಳದಿಂದ. 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದ ಮೇಲೆ ರಚನೆಯಾದ ಸಮಿತಿ 100ರಿಂದ 200 ಬೆಡ್ಡಿನ ಖಾಸಗಿ ಆಸ್ಪತ್ರೆಯ ನರ್ಸ್ ಸಂಬಳ ಅದೇ ದರ್ಜೆಯ ಸರ್ಕಾರಿ ನರ್ಸ್ ಸಂಬಳಕ್ಕಿಂತ ಹೆಚ್ಚೆಂದರೆ 10 ಶೇಕಡಾ ಮಾತ್ರ ಕಡಿಮೆ ಇರಬಹುದು ಎಂದು ಶಿಫಾರಸು ಮಾಡಿದೆ. ನಿಮ್ಮದು ಎಷ್ಟು ದೂರದಲ್ಲಿದೆ ನೋಡಿ. ಆ ಅಂತರ ದೊಡ್ಡದಿದ್ದರೆ ಯೋಗದಿಂದ ತುಂಬುವುದಿಲ್ಲ.

ಆಮೇಲೆ ಎಣಿಸಿ. ವಾರ್ಡುವಾರು ಐದು ಅಂಕಿ ಸಾಕು: ಡಬಲ್ ಡ್ಯೂಟಿ, ರದ್ದಾದ ವೀಕ್ಲಿ ಆಫ್, ಒಂದೆರಡು ದಿನದ ಸಿಕ್ ಲೀವ್, ಸೇರಿದ ವರ್ಷದೊಳಗೆ ಬಿಟ್ಟವರು, ಇನ್ಸಿಡೆಂಟ್ ಫಾರಂ. ಕೊನೆಯದು ಏರಿದರೆ ಗಾಬರಿ ಬೇಡ, ಜನ ಮಾತಾಡತೊಡಗಿದ್ದಾರೆ ಎಂದರ್ಥ. ಉಳಿದ ನಾಲ್ಕೂ ಒಂದೇ ವಾರ್ಡಿನಲ್ಲಿ ಹೆಚ್ಚಿದ್ದರೆ ಸಮಸ್ಯೆ ಆ ವಾರ್ಡನ್ನು ನಡೆಸುವ ರೀತಿಯಲ್ಲಿದೆ.

ಸಮೀಕ್ಷೆ ಮಾಡುವುದಾದರೆ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಬಳಸುವ ಆರು ತಲೆಬರಹ ಒಳ್ಳೆಯ ಚೌಕಟ್ಟು: ಹೊರೆ, ಹಿಡಿತ, ಬೆಂಬಲ, ಪರಸ್ಪರ ಸಂಬಂಧ, ತನ್ನ ಜವಾಬ್ದಾರಿಯ ಸ್ಪಷ್ಟತೆ, ಬದಲಾವಣೆಯನ್ನು ತಿಳಿಸುವ ರೀತಿ. ಪ್ರಶ್ನೆ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಹೊರಗಿನವರು ಓದಿ ಹೇಳಲಿ. ಹತ್ತಕ್ಕಿಂತ ಕಡಿಮೆ ಜನರಿರುವ ವಿಭಾಗದ ಫಲಿತಾಂಶ ಬೇರೆಯಾಗಿ ಪ್ರಕಟಿಸಬೇಡಿ, ಯಾರು ಏನು ಬರೆದರೆಂದು ಗೊತ್ತಾಗಿಬಿಡುತ್ತದೆ. ಎಂಪ್ಲಾಯಿ ಐಡಿ ಕೇಳಿದರೆ ಎಲ್ಲರೂ "ತುಂಬಾ ಚೆನ್ನಾಗಿದೆ" ಎಂದೇ ಬರೆಯುತ್ತಾರೆ. ಫಲಿತಾಂಶ ಬಂದ ತಿಂಗಳೊಳಗೆ ಒಂದೇ ಒಂದು ಬದಲಾವಣೆ ಕಣ್ಣಿಗೆ ಕಾಣುವಂತೆ ಮಾಡಿ: ರಜೆ ಅರ್ಜಿಗೆ ಎರಡು ದಿನದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ, ಇಲ್ಲವೇ ನೈಟ್‌ನವರಿಗೆ ಬಿಸಿ ಊಟ. ಏನೂ ಆಗದಿದ್ದರೆ ಮುಂದಿನ ಸಮೀಕ್ಷೆಗೆ ಉತ್ತರ ಸಿಗದು.

ಕಷ್ಟದ ಮಾತು ಇನ್ನೊಂದಿದೆ. ನಿಮ್ಮ ಆಸ್ಪತ್ರೆಗೆ ಹೆಚ್ಚು ಆದಾಯ ತರುವ ಸರ್ಜನ್ ಥಿಯೇಟರಿನಲ್ಲಿ ಉಪಕರಣ ಎಸೆದಾಗ, ಸಿಸ್ಟರ್‌ಗೆ ಏಕವಚನದಲ್ಲಿ ಬೈದಾಗ ಮ್ಯಾನೇಜ್‌ಮೆಂಟ್ ಏನು ಮಾಡುತ್ತದೆ ಎಂದು ಸ್ವೀಪರ್‌ನಿಂದ ಹಿಡಿದು ಎಲ್ಲರೂ ನೋಡುತ್ತಿರುತ್ತಾರೆ. ಅಲ್ಲಿ ಸುಮ್ಮನಿದ್ದರೆ ಉಳಿದ ಯಾವ ನೀತಿಗೂ ಬೆಲೆ ಇಲ್ಲ. ಮೊದಲ ಸಲ ಮೆಡಿಕಲ್ ಡೈರೆಕ್ಟರ್ ಅವರೇ ಕೂತು ಮಾತಾಡಲಿ, ಎರಡನೇ ಸಲ ಬರವಣಿಗೆಯಲ್ಲಿ, ಮೂರನೇ ಸಲ ಥಿಯೇಟರ್ ಅವಕಾಶಕ್ಕೇ ಕತ್ತರಿ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟ್‌ನಲ್ಲಿ ಚರ್ಮ ಕೊಯ್ಯುವ ಮೊದಲು ಎಲ್ಲರೂ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕೆಂಬ ಸಾಲಿದೆ. ಹಲವೆಡೆ ಅದನ್ನು ಟಿಕ್ ಮಾಡಿ ಮುಗಿಸುತ್ತಾರೆ. ನಿಜಕ್ಕೂ ಹೇಳಿಸಿ. ಒಮ್ಮೆ ತನ್ನ ಹೆಸರು ಹೇಳಿದ ಟೆಕ್ನಿಷಿಯನ್, ತಪ್ಪು ಕಂಡಾಗ "ಸರ್, ಎಡಗಾಲು ಅಲ್ವಾ?" ಎನ್ನುವ ಸಾಧ್ಯತೆ ಹೆಚ್ಚು.

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯ ಆಂತರಿಕ ಸಮಿತಿ ಹತ್ತು ಜನರಿರುವ ಯಾವ ಸಂಸ್ಥೆಗೂ ಕಡ್ಡಾಯ. ಅಧ್ಯಕ್ಷೆಯ ಹೆಸರು, ಫೋನ್ ನಂಬರ್ ಡ್ರೆಸ್ಸಿಂಗ್ ರೂಮಿನಲ್ಲಿ ಹಾಕಿ, ಎಚ್‌ಆರ್ ಬಾಗಿಲಿಗಲ್ಲ. ದೂರಿಗೆ ಮೂರು ತಿಂಗಳ ಗಡುವಿದೆ ಎಂಬುದೂ ಅಲ್ಲೇ ಇರಲಿ.

ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಕನ್ಸಲ್ಟೆಂಟನ್ನೂ, ಅಂದರೆ ಹಿರಿಯ ತಜ್ಞ ಡಾಕ್ಟರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅವರ ಮಾತಿಗೆ ಎದುರಾಡಲು ನನಗೆ ನಾಲಿಗೆಯೇ ಏಳುವುದಿಲ್ಲ. ಮ್ಯಾನೇಜರ್ "ನೀನು ಮಾತಾಡುವುದೇ ಇಲ್ಲ" ಅನ್ನುತ್ತಾರೆ.
– ಮೂಲತಃ ಉಡುಪಿಯವರು

ದೊಡ್ಡವರಿಗೆ ಎದುರಾಡಬಾರದೆಂದು ಬೆಳೆದವರಿಗೆ ಇದು ಒಂದೇ ದಿನದಲ್ಲಿ ಬರುವುದಿಲ್ಲ. ಹಾಗಾಗಿ ಮಾತನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ. ವಿಮಾನ ಸಿಬ್ಬಂದಿಯ ತರಬೇತಿಯಿಂದ ಆಸ್ಪತ್ರೆಗಳಿಗೆ ಬಂದ ಮೂರು ಮೆಟ್ಟಿಲಿದೆ: ಮೊದಲು "ನನಗೆ ಕಳವಳ ಆಗುತ್ತಿದೆ", ಕೇಳದಿದ್ದರೆ "ಇದು ನನಗೆ ಸರಿಕಾಣುತ್ತಿಲ್ಲ", ಆಗಲೂ ಕೇಳದಿದ್ದರೆ "ಇದು ರೋಗಿಯ ಸುರಕ್ಷತೆಯ ಪ್ರಶ್ನೆ, ನಿಲ್ಲಿಸಿ". ಇಂಗ್ಲಿಷಿನಲ್ಲಿ ಈ ಮೂರು ವಾಕ್ಯ ಬಾಯಿಗೆ ಬರುವಷ್ಟು ಸಲ ಮನೆಯಲ್ಲಿ ಹೇಳಿಕೊಳ್ಳಿ. ಮೂರನೆಯದನ್ನು ಕೇಳಿದ ಮೇಲೆ ಅಲ್ಲಿ ಯಾರೂ ಅದನ್ನು ಅವಿಧೇಯತೆ ಎನ್ನಬಾರದು. ವಾರ್ಡಿನೊಳಗೆ ಹೇಳಲಾಗದ ವಿಷಯಕ್ಕೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪ್ರತಿ ಟ್ರಸ್ಟ್‌ನಲ್ಲೂ (ಆಸ್ಪತ್ರೆ ನಡೆಸುವ ಸಂಸ್ಥೆ) ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಎಂಬ ಹುದ್ದೆಯವರು ಇರುತ್ತಾರೆ. ಅವರ ಹೆಸರು ಟ್ರಸ್ಟ್‌ನ ಒಳ ಜಾಲತಾಣದಲ್ಲಿ ಸಿಗುತ್ತದೆ; ನಿಮ್ಮ ಹೆಸರನ್ನು ಗುಟ್ಟಾಗಿಡುವಂತೆ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬಹುದು.